ಹಾಲಿನ ಬಾಟಲಿ ಹೊಸ್ತಿಲಲ್ಲೇ ಉಳಿದ ದಿನ

ಮೈಸೂರು
ಸಂಕ್ರಾಂತಿಯ ಮಾರನೇ ದಿನ

ಚಿ. ಪುಟ್ಟಿಗೆ,

ನಿನ್ನ ದೊಡ್ಡಜ್ಜಿ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮಜ್ಜಿಗೆ ಈ ಚಳಿಗೆ ಮಂಡಿನೋವು ಸ್ವಲ್ಪ ಜಾಸ್ತಿ, ಅಷ್ಟೇ.

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಒಂದು ಮಾತು ಮನಸ್ಸಿನಲ್ಲೇ ಕೂತುಬಿಟ್ಟಿದೆ. ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿ ನಾಲ್ಕು ತಿಂಗಳಾಯಿತು, ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲ ಅಂದೆ. "ಯಾರೋ ವಯಸ್ಸಾದವರು ದೊಡ್ಡಜ್ಜಿ, ಒಬ್ಬರೇ ಇದ್ದಾರೆ ಅನ್ಸುತ್ತೆ" ಅಂದೆ. ನಿನ್ನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ನಿನ್ನ ಮನೆಯಿಂದ ಹತ್ತು ಹನ್ನೆರಡು ಮೈಲಿ ದೂರದಲ್ಲಿ ನಾನು ಮೂವತ್ತಾರು ವರ್ಷ ಬಾಳಿದವಳು. ಆ ಸೀಮೆಯಲ್ಲಿ ಜನ ಹೇಗೆ ಹತ್ತಿರವಾಗುತ್ತಾರೆ ಅನ್ನುವುದನ್ನು ನಿಧಾನವಾಗಿ ಕಲಿತವಳು. ಫೋನಿನಲ್ಲಿ ಹೇಳಿದರೆ ಅರ್ಧ ಗಾಳಿಗೆ ಹೋಗುತ್ತದೆ, ಅದಕ್ಕೇ ಕಾಗದ.

ನಾನು ವೇಕ್‌ಫೀಲ್ಡ್ ಹತ್ತಿರದ ಕಲ್ಲಿದ್ದಲು ಗಣಿ ಊರಿಗೆ ಡಾಕ್ಟರಾಗಿ ಹೋದದ್ದು 1968ರ ಅಕ್ಟೋಬರಿನಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಈನಾಕ್ ಪೊವೆಲ್ ಅನ್ನುವ ಅಲ್ಲಿನ ರಾಜಕಾರಣಿ ಬರ್ಮಿಂಗ್‌ಹ್ಯಾಮ್‌ನಲ್ಲಿ ನಮ್ಮಂಥ ವಲಸೆಗಾರರ ವಿರುದ್ಧ ಭಾಷಣ ಮಾಡಿದ್ದ, ಅದರ ಬಿಸಿ ಇನ್ನೂ ಆರಿರಲಿಲ್ಲ. ಫೋನಿನಲ್ಲಿ ಕೋಣೆ ಖಾಲಿ ಇದೆ ಅಂದವರು ಬಾಗಿಲು ತೆಗೆದು ನನ್ನ ಮುಖ ನೋಡಿ, ಈಗ ತಾನೇ ಹೋಯಿತು ಅಂದರು. ಒಂದಲ್ಲ, ಮೂರು ಮನೆಯಲ್ಲಿ. ಬಣ್ಣ ನೋಡಿ ಮನೆ ಕೊಡದಿರುವುದು ಕಾನೂನಿಗೆ ವಿರುದ್ಧ ಅಂತ ಆದದ್ದೇ ಆ ವರ್ಷದ ಕೊನೆಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಕಾಲ ಚಿನ್ನದಂಥದ್ದು ಅಂತ ನಾನು ಕಥೆ ಕಟ್ಟುತ್ತಿದ್ದೇನೆ ಅಂತ ನಿನಗೆ ಅನ್ನಿಸಬಾರದು. ಕೊನೆಗೆ ನನಗೆ ಮಹಡಿಯ ಕೋಣೆ ಕೊಟ್ಟವರು ಗಣಿಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸು.

ಆಕೆಯ ಬೀದಿಯೇ ನನ್ನ ನಿಜವಾದ ಕಾಲೇಜು ಕಣೆ. ಇಟ್ಟಿಗೆಯ ಸಾಲುಮನೆಗಳು. ಹಿತ್ತಿಲ ಕೊನೆಯಲ್ಲಿ ಕಕ್ಕಸು. ಸೋಮವಾರ ಬಂತೆಂದರೆ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ ಬಟ್ಟೆ ಒಣಗಹಾಕುವರು, ಗಾಡಿ ಬಂದರೆ ಹಗ್ಗವನ್ನು ಕೋಲಿನಿಂದ ಮೇಲೆತ್ತಿ ದಾರಿ ಬಿಡುವರು. ಬುಧವಾರ ಮಧ್ಯಾಹ್ನದ ಮೇಲೆ ಅಂಗಡಿಗಳೆಲ್ಲ ಬಂದ್, ಭಾನುವಾರ ಇಡೀ ದಿನ ಬಂದ್.

ಗಣಿ ಕೆಲಸದವರಿಗೆ ಸಂಬಳದ ಜೊತೆಗೆ ಮನೆ ಉರಿಸಲು ಕಲ್ಲಿದ್ದಲು ಬರುತ್ತಿತ್ತು. ಚೀಲದಲ್ಲಿ ಅಲ್ಲ, ಲಾರಿಯವನು ಮನೆ ಮುಂದೆ ಬೀದಿಯಲ್ಲೇ ಸುರಿದು ಹೋಗುವನು. ಸುರಿದ ರಾಶಿಯನ್ನು ಕತ್ತಲಾಗುವ ಮೊದಲು ಸಲಿಕೆಯಿಂದ ಎತ್ತಿ ಕಲ್ಲಿದ್ದಲ ಗೂಡಿಗೆ ತುಂಬಬೇಕು. ನಮ್ಮ ಮನೆಯಾಕೆಗೆ ವಯಸ್ಸಾಗಿತ್ತು. ಆಕೆಯ ರಾಶಿ ಬಿದ್ದ ದಿನ ಎದುರುಮನೆಯ ಹುಡುಗ ಯಾರೂ ಕರೆಯದೆ ಸಲಿಕೆ ಹಿಡಿದು ಬಂದ. ಪೂರಾ ತುಂಬಿ, ಬಕೆಟ್ ನೀರು ಹಾಕಿ ಕಲ್ಲುಹಾಸು ಗುಡಿಸಿ, ಒಂದು ಮಾತಾಡದೆ ಹೋದ. ಆಕೆ ಬಾಗಿಲಿಗೂ ಬರಲಿಲ್ಲ. ಏನು ಜನ ಇವರು, ಒಂದು ಥ್ಯಾಂಕ್ಸ್ ಕೂಡ ಇಲ್ಲ ಅಂದುಕೊಂಡೆ. ಮಾರನೇ ದಿನ ಆ ಮನೆಯ ಕಿಟಕಿ ಹತ್ತಿರ ಬಟ್ಟೆ ಮುಚ್ಚಿದ ತಟ್ಟೆ ಕಂಡಿತು. ಒಳಗೆ ನಮ್ಮಾಕೆ ಬೆಳಿಗ್ಗೆಯೇ ಬೇಯಿಸಿದ್ದ ಆಪಲ್ ಪೈ. ಅಲ್ಲಿ ಉಪಕಾರ ಮಾತಿನಲ್ಲಿ ಓಡಾಡುವುದಿಲ್ಲ, ತಟ್ಟೆಯಲ್ಲಿ ಓಡಾಡುತ್ತದೆ. ನೀನು ಅವರ ಮೌನವನ್ನು ಬಿಗುಮಾನ ಅಂತ ತಿಳಿಯಬೇಡ.

ಆಗ ದುಡ್ಡಿನ ಲೆಕ್ಕವೂ ಬೇರೆ. ನಮ್ಮಲ್ಲಿ 1957ರಲ್ಲೇ ಆಣೆ ಹೋಗಿ ನಯಾಪೈಸೆ ಬಂದಿತ್ತು, ಅಲ್ಲಿ ನಾನು ಮತ್ತೆ 12 ಪೆನ್ನಿಗೆ ಒಂದು ಶಿಲಿಂಗು, 20 ಶಿಲಿಂಗಿಗೆ ಒಂದು ಪೌಂಡು ಅಂತ ಮಗ್ಗಿ ಕಲಿತೆ. ಗ್ಯಾಸ್ ಮೀಟರಿಗೆ ಶಿಲಿಂಗು ಹಾಕದಿದ್ದರೆ ಕೋಣೆಯ ಬೆಂಕಿ ಆರುತ್ತಿತ್ತು. ಕಲಿತು ಮುಗಿಸುವಷ್ಟರಲ್ಲಿ, 1971ರ ಫೆಬ್ರವರಿ 15ಕ್ಕೆ ಅದನ್ನೂ ತೆಗೆದು ಪೌಂಡಿಗೆ 100 ಪೆನ್ಸ್ ಮಾಡಿದರು. ಆಗ ಬೀದಿಯ ಮುದುಕಿಯರಿಗೆ ದಿಕ್ಕು ತಪ್ಪಿದ ಹಾಗಾಯಿತು. ಔಷಧಿಗೆ ಬಂದವರು ಪರ್ಸು ಬಿಚ್ಚಿ ನನ್ನ ಮೇಜಿನ ಮೇಲೆ ಸುರಿದು, "ಇದು ಹಳೇ ದುಡ್ಡಲ್ಲಿ ಎಷ್ಟು, ಲವ್?" ಅಂತ ಕೇಳುವರು. ನಮ್ಮೂರಿನಲ್ಲಿ ಒಮ್ಮೆ ದಾಟಿದ ಹೊಳೆ, ಅಲ್ಲಿ ಅವರ ಕೈ ಹಿಡಿದು ಇನ್ನೊಮ್ಮೆ ದಾಟಿಸಿದೆ. ಎರಡು ವರ್ಷ ನನ್ನನ್ನು ಅನುಮಾನದಿಂದ ನೋಡಿದ ಕೆಲವರು ಅವತ್ತಿನಿಂದ ನನ್ನವರಾದರು. "ಲವ್" ಅಂದರೆ ಬೆಚ್ಚಬೇಡ, ಬಸ್ಸಿನವನೂ ಅನ್ನುತ್ತಾನೆ. ನಮ್ಮ "ಅವ್ವಾ", "ತಾಯೀ" ಇದ್ದ ಹಾಗೆ.

ಇನ್ನೊಂದು. ಅಲ್ಲಿ ಮಧ್ಯಾಹ್ನದ ಊಟ ಡಿನ್ನರ್, ಸಂಜೆಯ ಊಟವೇ ಟೀ. ನನಗೆ ಗೊತ್ತಿರಲಿಲ್ಲ. ಐದು ಗಂಟೆಗೆ ಟೀಗೆ ಬಾ ಅಂದರು, ಟೀ ತಾನೇ ಅಂತ ಅನ್ನ ಸಾರು ಉಂಡೇ ಹೋದೆ. ನೋಡಿದರೆ ಮೇಜಿನ ತುಂಬ ಊಟ. ನಾನು ಮಾಂಸ ತಿನ್ನುವುದಿಲ್ಲ ಅಂತ ಕೇಳಿ ತಿಳಿದು ಮೀನಿನ ಡಬ್ಬಿ ತೆರೆದಿಟ್ಟಿದ್ದರು, ಪಾಪ. ಬ್ರೆಡ್ಡು ಬೆಣ್ಣೆ, ವಿನೆಗರ್‌ನಲ್ಲಿ ಹಾಕಿದ ಬೀಟ್‌ರೂಟು, ಡಬ್ಬಿಯ ಪೀಚ್ ಹಣ್ಣು, ಎಲ್ಲ ಎರಡೆರಡು ಸಲ ಬಡಿಸಿಕೊಂಡೆ. ಯಾರಾದರೂ ಕರೆದರೆ ಹಸಿದುಕೊಂಡು ಹೋಗು.

ಅವರು ಬರೀ ಹವಾಮಾನ ಮಾತಾಡುತ್ತಾರೆ ಅಂತ ನೀನು ಬೇಜಾರು ಮಾಡಿಕೊಂಡೆಯಲ್ಲ, ಅದು ನಮ್ಮ "ತಿಂಡಿ ಆಯ್ತಾ?" ಕಣೆ. ತಿಂಡಿ ಆಗದಿದ್ದರೆ ತಂದುಕೊಡುತ್ತೇವೆ ಅಂತ ನಾವೇನು ಕೇಳುತ್ತೇವಾ? ನಿನ್ನನ್ನು ಕಂಡೆ, ನಿಂತೆ, ಅಷ್ಟು. "ಚಳಿ ಜೋರಾಗಿದೆ" ಅಂದರೆ "ಹೌದು, ನಾಳೆ ಹಿಮ ಬೀಳುತ್ತಂತೆ" ಅನ್ನು. ಹೂಂ ಅಂತ ಫೋನಿನಲ್ಲಿ ಮುಖ ಹುದುಗಿಸಬೇಡ.

ಈಗ ನಾನು ಹೇಳಬೇಕೆಂದದ್ದಕ್ಕೆ ಬರುತ್ತೇನೆ. ಆಗ ಹೆಚ್ಚುಕಡಿಮೆ ಎಲ್ಲರ ಮನೆಗೂ ಹಾಲು ಗಾಜಿನ ಬಾಟಲಿಯಲ್ಲಿ ಬರುತ್ತಿತ್ತು. ನಸುಕಿನಲ್ಲಿ ಬ್ಯಾಟರಿ ಗಾಡಿಯ ಗುಂಯ್ ಸದ್ದು, ಬಾಟಲಿ ಬಾಟಲಿಗೆ ತಾಗುವ ಟಿಂಗ್ ಟಿಂಗ್. ಎದ್ದೇಳುವುದು ತಡವಾದರೆ ಬ್ಲೂ ಟಿಟ್ ಅನ್ನುವ ಪುಟ್ಟ ಹಕ್ಕಿ ಬೆಳ್ಳಿ ಹಾಳೆಯ ಮುಚ್ಚಳ ಕುಕ್ಕಿ ಕೆನೆ ತಿಂದು ಹೋಗಿರುತ್ತಿತ್ತು. ನಾಳೆ ಎರಡು ಬಾಟಲಿ ಬೇಕಾದರೆ ಚೀಟಿ ಬರೆದು ಖಾಲಿ ಬಾಟಲಿಯ ಕುತ್ತಿಗೆಗೆ ಸಿಕ್ಕಿಸಿದರೆ ಸಾಕು.

1979ರ ಜನವರಿ. ವಿಪರೀತ ಚಳಿಗಾಲ. ನಮ್ಮ ಬೀದಿ ತುದಿಯ ಮನೆಯಲ್ಲಿ ಒಬ್ಬ ಮುದುಕಿ, ಮಕ್ಕಳು ದೂರದ ಊರುಗಳಲ್ಲಿ. ಬೆಳಿಗ್ಗೆ ಹಾಲಿನವನು ಬಂದಾಗ ಹಿಂದಿನ ದಿನದ ಬಾಟಲಿ ಹೊಸ್ತಿಲಲ್ಲೇ ಇತ್ತು. ಹಾಲು ಹೆಪ್ಪುಗಟ್ಟಿ, ಒಳಗಿನ ಕೆನೆ ಬೆರಳುದ್ದ ಮೇಲೆದ್ದು, ಮುಚ್ಚಳ ಅದರ ತಲೆಯ ಮೇಲೆ ಟೋಪಿಯ ಹಾಗೆ ಕೂತಿತ್ತು. ಅವನು ಹೊಸ ಬಾಟಲಿ ಇಟ್ಟು ಮುಂದೆ ಹೋಗಲಿಲ್ಲ. ಪಕ್ಕದ ಮನೆಯ ಬಾಗಿಲು ಬಡಿದ. ಅವರ ಹತ್ತಿರ ಈ ಮನೆಯ ಬೀಗದ ಕೈ ಇತ್ತು, ಆ ಬೀದಿಯಲ್ಲಿ ಒಬ್ಬರ ಬೀಗದ ಕೈ ಇನ್ನೊಬ್ಬರ ಹತ್ತಿರ ಇದ್ದೇ ಇರುತ್ತಿತ್ತು. ನಾನು ನೈಟಿಯ ಮೇಲೆ ಕೋಟು ಹಾಕಿಕೊಂಡು ಓಡಿದೆ. ಅಡುಗೆಮನೆಯ ಕಲ್ಲುನೆಲದ ಮೇಲೆ ಬಿದ್ದಿದ್ದರು, ಸೊಂಟದ ಮೂಳೆ ಮುರಿದಿತ್ತು, ಒಂದು ದಿನ ಒಂದು ರಾತ್ರಿ ಹಾಗೇ ಕಳೆದಿದ್ದರು. ಕೈ ಮುಟ್ಟಿದರೆ ಕಲ್ಲಿನಷ್ಟೇ ತಣ್ಣಗೆ. ಪಕ್ಕದ ಮನೆಯವರು ತಮ್ಮ ಕೋಟು, ಗಂಡನ ಕೋಟು, ಬಾಗಿಲ ಕಾಲೊರೆಸು ಎಲ್ಲ ಹೊದಿಸಿ ಪಕ್ಕದಲ್ಲೇ ನೆಲಕ್ಕೆ ಮೈ ಚಾಚಿ ಅಪ್ಪಿಕೊಂಡಿದ್ದರು. ಆಂಬುಲೆನ್ಸ್ ಬರುವ ಹೊತ್ತಿಗೆ ಮುದುಕಿ ಕಣ್ಣು ಬಿಟ್ಟು ಕೇಳಿದ್ದು, "ಹಾಲು ಒಳಗೆ ತಗೊಂಡ್ರಾ?" ಅಂತ.

ಅವರು ಆಮೇಲೆ ನಾಲ್ಕು ವರ್ಷ ಬದುಕಿದರು. ಉಳಿಸಿದ್ದು ನಾನಲ್ಲ. ನಾನು ಹೋಗುವ ಹೊತ್ತಿಗೆ ಆಗಬೇಕಾದದ್ದು ಆಗಿತ್ತು.

ನಿನ್ನ ಬೀದಿಗೆ ಹಾಲಿನ ಗಾಡಿ ಬರುವುದಿಲ್ಲ. ಪಾರ್ಸೆಲ್ ಡಬ್ಬಿ ತಂದವನು ಬಾಗಿಲ ಮುಂದೆ ಇಟ್ಟು ಫೋಟೋ ತೆಗೆದು ಹೋಗುತ್ತಾನೆ, ಅವನಿಗೆ ನಿಲ್ಲಲು ಪುರುಸೊತ್ತಿಲ್ಲ. ನನ್ನ ಆ ಊರಿನಲ್ಲೂ 1984–85ರ ಗಣಿ ಕೆಲಸದವರ ಮುಷ್ಕರದ ನಂತರ ಗಣಿ ಮುಚ್ಚಿ, ಹುಡುಗರು ಚದುರಿಹೋದರು. ಆದ್ದರಿಂದ ಆ ಬಾಟಲಿ ನೋಡುವ ಕಣ್ಣು ನಿನ್ನದೇ ಆಗಬೇಕು. ಬೆಳಿಗ್ಗೆ ಹೊರಡುವಾಗ ಪಕ್ಕದವರ ಪರದೆ ಸರಿದಿದೆಯಾ ನೋಡು. ಕಸದ ತೊಟ್ಟಿ ಹೊರಗೆ ಇಡುವ ದಿನ ಅವರದ್ದನ್ನೂ ಎಳೆದಿಡು, ಹೇಳಲು ಹೋಗಬೇಡ. ಅವರಿಗೆ ಎಪ್ಪತ್ತು ಎಂಬತ್ತು ಆಗಿದ್ದರೆ ನಾನು ಹೇಳಿದ್ದನ್ನೆಲ್ಲ ಅವರೂ ಕಂಡವರು. ಗಣಿಯ ಕಡೆಯವರಾ ಕೇಳು. ಹೌದಾದರೆ, ವೇಕ್‌ಫೀಲ್ಡ್ ಹತ್ತಿರದ ಕ್ಯಾಪ್‌ಹೌಸ್ ಗಣಿ ಈಗ ಮ್ಯೂಸಿಯಂ ಆಗಿದೆ, ಹಳೆಯ ಗಣಿ ಕೆಲಸದವರೇ ನೆಲದ 140 ಮೀಟರ್ ಕೆಳಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಈಗಲೂ ಕರೆದುಕೊಂಡು ಹೋಗುತ್ತಾರಾ ವಿಚಾರಿಸಿ ಒಂದು ಸಲ ನೋಡು. ಆ ಕತ್ತಲು ನೋಡಿದ ಮೇಲೆ ಆ ಜನ ಒಬ್ಬರನ್ನೊಬ್ಬರು ಯಾಕೆ ಬಿಡುವುದಿಲ್ಲ ಅನ್ನುವುದು ಗೊತ್ತಾಗುತ್ತದೆ.

ಬಾಗಿಲು ತಟ್ಟಲು ನೆಪ ಬೇಕು ಅಂದೆಯಲ್ಲ. ನಿನ್ನಮ್ಮ ಕಳಿಸಿದ ಎಳ್ಳು ಬೆಲ್ಲ ಇದೆ. 1970ರಲ್ಲಿ ನಮ್ಮಮ್ಮ ಕಳಿಸಿದ ಎಳ್ಳು ಸಂಕ್ರಾಂತಿಗೆ ಬರಲಿಲ್ಲ. ಸೂಯೆಜ್ ಕಾಲುವೆ ಯುದ್ಧದಿಂದ ಮುಚ್ಚಿತ್ತು, ಹಡಗು ಇಡೀ ಆಫ್ರಿಕಾ ಸುತ್ತಿ ಏಪ್ರಿಲ್ ಹೊತ್ತಿಗೆ ತಲುಪಿತು. ಆದರೂ ನಾನು ಸೀರೆ ಉಟ್ಟು ಬೀದಿಯ ಹನ್ನೊಂದು ಮನೆಗೆ ಬೀರಿ ಬಂದೆ. ಒಂದು ವಾರ ನಮ್ಮ ಮನೆಗೆ ತಟ್ಟೆಗಳು ಬಂದೇ ಬಂದವು. ಒಬ್ಬರು ತಮ್ಮ ತೋಟದ ರೂಬಾರ್ಬ್ ಅನ್ನುವ ದಂಟನ್ನು ಕಂತೆ ಕಟ್ಟಿ ತಂದರು. ಹುಣಸೆಹಣ್ಣಿಗೆ ಪರದಾಡುತ್ತಿದ್ದ ನನಗೆ ಅದರ ಹುಳಿ ಕಂಡು ಕಣ್ಣಲ್ಲಿ ನೀರು ಬಂತು, ಸಾಸಿವೆ ಮೆಂತ್ಯ ಹಾಕಿ ಗೊಜ್ಜು ಮಾಡಿದೆ. ಈಗಲೂ ಅಲ್ಲಿ ಜನವರಿಯಿಂದ ಕತ್ತಲ ಕೊಟ್ಟಿಗೆಯಲ್ಲಿ ಬೆಳೆಸಿ ಮೊಂಬತ್ತಿ ಬೆಳಕಿನಲ್ಲಿ ಕೀಳುವ ಎಳೆ ರೂಬಾರ್ಬ್ ಬರುತ್ತದೆ, ಲೀಡ್ಸ್ ಮಾರ್ಕೆಟ್‌ನಲ್ಲಿ ಕೇಳು. ಎಲೆ ಮಾತ್ರ ವಿಷ, ಬಿಸಾಕು.

ಎಳ್ಳು ಕೊಡುವ ಮೊದಲು ಕಡ್ಲೆಬೀಜ, ಎಳ್ಳು ಒಗ್ಗುತ್ತದಾ ಅಂತ ಕೇಳು, ಅಲ್ಲಿ ಎಷ್ಟೋ ಜನಕ್ಕೆ ಅಲರ್ಜಿ. ಹಲ್ಲುಸೆಟ್ಟು ಇರಬಹುದು, ಕೊಬ್ಬರಿ ಚೂರು ಆರಿಸಿ ತೆಗೆ, ಸಕ್ಕರೆ ಅಚ್ಚನ್ನು ನೋಡಲು ಒಂದು ಇಡು. ಒಳಗೆ ಕರೆದರೆ ಕೋಟು ಬಿಚ್ಚಿ ಕೂರು. ಕೋಟು ಹಾಕಿಕೊಂಡೇ ಕೂತರೆ ಈಗ ಎದ್ದು ಹೋಗುವವಳು ಅಂತ ಅವರು ತಿಳಿಯುತ್ತಾರೆ.

ಹೆಸರು ಏನೆಂದು ನನಗೆ ಬರೆ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಜ್ಜಿ