ಓದು ಕಲಿಸುವ ಅಕ್ಕೋರು, ಮಾಸ್ತರರ ಗಮನಕ್ಕೆ
ದೀಪಾವಳಿ ಒಳಗೆ ಕಾಗುಣಿತ, ಒತ್ತಕ್ಷರ ಎಲ್ಲ ಮುಗಿಸಬೇಕು ಅಂತ ಗಡಿಬಿಡಿ ಬೇಡ. ಕನ್ನಡ ಓದುವ ಮಕ್ಕಳ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಕ್ಷರ ಕಲಿಕೆ ನಾಲ್ಕನೇ ತರಗತಿವರೆಗೂ ನಡೆಯುತ್ತದೆ, ಇಂಗ್ಲಿಷಿನ 26 ಅಕ್ಷರದ ಲೆಕ್ಕ ನಮಗಲ್ಲ.

ನಮ್ಮ ಕಾರವಾರ ಕಡೆ ಜಾಸ್ತಿ ಕಾಣುವುದು ಬೇರೆ. ಮನೆಯಲ್ಲಿ ಕೊಂಕಣಿ ಆಡುವ ಮಗು ‘ಗದ್ದೆಯಲ್ಲಿ ಕಳೆ ಕಿತ್ತರು’ ಅಂತ ಸರಾಗ ಓದುತ್ತದೆ, ಏನು ಕಿತ್ತರು ಅಂದ್ರೆ ಸುಮ್ನೆ ಮುಖ ನೋಡುತ್ತದೆ. ಓದಿನ ಬಗ್ಗೆ ಸಂಶೋಧನೆ ಮಾಡಿದ ಗಫ್ ಮತ್ತು ಟನ್ಮರ್ 1986ರಲ್ಲೇ ಹೇಳಿದ್ದರಲ್ವಾ, ಅಕ್ಷರ ಬಿಡಿಸುವುದನ್ನು ಭಾಷೆಯ ತಿಳಿವಳಿಕೆಯಿಂದ ಗುಣಿಸಿದರೆ ಓದು, ಎರಡರಲ್ಲಿ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ಹಾಗಾಗಿ ಪಾಠಕ್ಕೆ ಮೊದಲು ಚಿತ್ರ ತೋರಿಸಿ ಕೊಂಕಣಿಯಲ್ಲೇ ಮಾತಾಡಿಸಿ, ಆಮೇಲೆ ಕನ್ನಡ ಪದ ಕೊಡಿ. ಉರು ಹೊಡೆದಿದೆಯಾ ನೋಡಲು ಸಾಲಿನ ಮಧ್ಯದ ಪದಕ್ಕೆ ಬೆರಳಿಟ್ಟು ಓದಿಸಿ.

ಕಂಡದ್ದನ್ನು ಈ ಗ್ರೂಪ್‌ನಲ್ಲೇ ವಾಯ್ಸ್ ಮೆಸೇಜ್ ಹಾಕಿ. ಗುಡ್ ಮಾರ್ನಿಂಗ್ ಚಿತ್ರ ಸ್ವಲ್ಪ ದಿನ ಸಾಕು!