ಅಳತೆ ಪುಸ್ತಕದಲ್ಲಿ ನಿನ್ನ ಪುಟ

ಗುಳೇದಗುಡ್ಡ

ನನ್ನ ಮುದ್ದಿನ ಅವ್ವೀ,

ಫೋನ್ ಮಾಡಿದರೆ ನೀನು "ಊಟ ಆತು" ಅಂತೀಯ. ನಾನು "ಏನ್ ಉಂಡಿ?" ಅಂತೀನಿ. ಅಲ್ಲಿಗೆ ಇಬ್ಬರಿಗೂ ಸಿಟ್ಟು ಬಂದು ಮಾತು ಮುಗಿಯುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಯಾರದೋ ಮದುವೆಯ ಹನ್ನೆರಡು ಜಂಪರ್ ಮಷಿನ್ ಪಕ್ಕ ಬಿದ್ದಿವೆ. ಇರಲಿ ಬಿಡು.

ನಿನ್ನೆ ಅಳತೆ ಪುಸ್ತಕ ತಿರುವುವಾಗ ನಿನ್ನ ಪುಟ ಸಿಕ್ಕಿತು. ಯುಗಾದಿಗೆ ಸೊಂಟ 28. ಪಂಚಮಿಗೆ 25. ಎರಡೂ ನನ್ನ ಕೈಬರಹವೇ. ನಾಲ್ಕು ತಿಂಗಳಲ್ಲಿ ಮೂರು ಇಂಚು! ಬೇರೆಯವರ ಮಗಳಾಗಿದ್ದರೆ "ಯಾಕವ್ವಾ, ಆರಾಮ ಇಲ್ಲೇನು?" ಅಂತ ಕೇಳುತ್ತಿದ್ದೆ. ನಿನಗೆ ಏನಂದೆ, ನೆನಪಿದೆಯಾ? "ಈಗ ನೋಡು, ಖಣ ಹೆಂಗ ಕುಂತೈತಿ ಮೈಮ್ಯಾಲ. ಹಿಂಗ ಇರು." ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಅಂದೆ. ಎರಡೂ ಪಕ್ಕದ ಹೊಲಿಗೆ ಒಳಗೆ ಹಿಡಿದು ಕೊಟ್ಟೆ. ನೀನು ಕನ್ನಡಿ ಮುಂದೆ ಪಕ್ಕಕ್ಕೆ ತಿರುಗಿ, ಉಸಿರು ಹಿಡಿದು ನಿಂತಿದ್ದೆ.

ಆ ಶ್ರಾವಣದಲ್ಲಿ ನೀನು ಸೋಮವಾರ ಉಪವಾಸ ಅಂದೆ. ಆಮೇಲೆ ಗುರುವಾರ ಸೇರಿತು, ಶನಿವಾರ ಸೇರಿತು. ರೊಟ್ಟಿ ಪಂಚಮಿ ದಿನ ಓಣಿಯವರೆಲ್ಲ ಕೊಟ್ಟ ರೊಟ್ಟಿ ಪಲ್ಯ ಬುಟ್ಟಿಯಲ್ಲಿ ಹಾಗೇ ಉಳಿದವು. ಶೇಂಗಾ ಉಂಡಿ ಕೊಟ್ಟರೆ "ಹೊಟ್ಟೆ ಉಬ್ಬರಿಸೈತಿ" ಅಂದೆ. ನಾನು ಓಮಿನ ಕಷಾಯ ಮಾಡಿಕೊಟ್ಟೆ. ಮಗಳಿಗೆ ಎಷ್ಟು ಭಕ್ತಿ ಅಂತ ಗುಡಿಯಲ್ಲಿ ಹೇಳಿಕೊಂಡು ಬಂದೆ, ನೋಡು ನನ್ನ ಬುದ್ಧಿ. ಮುಟ್ಟು ನಿಂತು ಮೂರು ತಿಂಗಳಾಗಿದ್ದು ಆಗ ನನಗೆ ಗೊತ್ತೇ ಇರಲಿಲ್ಲ.

ಧಾರವಾಡದ ಡಾಕ್ಟರ್ ಮೇಡಂ ಹತ್ತಿರ ಮೊದಲ ಸಲ ಹೋದಾಗ, ಇದು ಅನೊರೆಕ್ಸಿಯಾ, ಊಟ ಬಿಟ್ಟು ಸೊರಗುವ ಮನಸ್ಸಿನ ಕಾಯಿಲೆ ಅಂದರು. ನಾನು ಕೇಳಿದ್ದೆ: "ಇದು ಸಿನಿಮಾದವರಿಗೆ, ದೊಡ್ಡ ಊರಿನವರಿಗೆ ಬರೋ ರೋಗ ಅಲ್ವಾ? ಇವಳು ಒಂದು ದಿನವೂ ದಪ್ಪ ಆಗ್ತೀನಿ ಅಂತ ಅಂದವಳಲ್ಲ." ಅವರು ಹಾಂಗ್‌ಕಾಂಗ್‌ನ ಸಿಂಗ್ ಲೀ ಎಂಬ ಡಾಕ್ಟರ ವಿಷಯ ಹೇಳಿದರು. 1990ರ ದಶಕದಲ್ಲಿ ಅವರು ನೋಡಿದ ಅನೊರೆಕ್ಸಿಯಾ ರೋಗಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ದಪ್ಪ ಆಗುವ ಭಯದ ಮಾತೇ ಎತ್ತುತ್ತಿರಲಿಲ್ಲವಂತೆ. ಹೊಟ್ಟೆ ಉಬ್ಬರ, ಹಸಿವಿಲ್ಲ ಅಂತಿದ್ದರಂತೆ. ನಮ್ಮ ಮನೆಯಲ್ಲಿ ಕೂತು ಕೇಳಿಸಿಕೊಂಡು ಹೋದ ಹಾಗಿದೆ! ಪುಸ್ತಕದಲ್ಲಿರುವ ಪ್ರಶ್ನೆಗಳನ್ನಷ್ಟೇ ಕೇಳಿದರೆ ನಮ್ಮ ಕಡೆಯ ಹುಡುಗಿಯರು ತಪ್ಪಿಸಿಕೊಂಡುಬಿಡುತ್ತಾರೆ, ಅದಕ್ಕೇ ಯಾವ ದಿನ ಉಪವಾಸ, ಯಾವಾಗಿನಿಂದ ಅಂತ ಕೇಳುತ್ತೇನೆ ಅಂದರು ಮೇಡಂ.

ಉಪವಾಸ ಬಿಡು ಅಂದರೆ ನೀನು ದೇವರ ಭಯ ಹೇಳುತ್ತೀಯ. ಅಜ್ಜಿಯನ್ನೇ ಕೇಳಿದೆ. "ಆರಾಮ ಇಲ್ಲದಾರಿಗೆ ಎಲ್ಲೀ ಉಪಾಸ? ದೇವ್ರಿಗೆ ಅಷ್ಟು ತಿಳಿಯಂಗಿಲ್ಲೇನು?" ಅಂದಳು. ಪಕ್ಕದ ಮನೆ ಖಾಲಾನೂ ಅದನ್ನೇ ಹೇಳಿದಳು, ರಂಜಾನ್ ರೋಜಾದಲ್ಲೂ ಕಾಯಿಲೆಯವರಿಗೆ ವಿನಾಯಿತಿ ಇದೆಯಂತೆ.

ಇನ್ನೊಂದು. ನೀನು ರಾತ್ರಿ ಎರಡರವರೆಗೂ ಅಡುಗೆ ವಿಡಿಯೋ ನೋಡುತ್ತಿದ್ದೆ. ತಾನು ತಿನ್ನಲ್ಲ, ಬರೀ ನೋಡುತ್ತಾಳೆ ಅಂತ ನಾವೆಲ್ಲ ನಕ್ಕೆವು. ಎರಡನೇ ಮಹಾಯುದ್ಧದ ಕೊನೆಗೆ, 1944-45ರಲ್ಲಿ, ಅಮೆರಿಕದ ಮಿನೆಸೋಟಾದಲ್ಲಿ 36 ಗಟ್ಟಿಮುಟ್ಟಾದ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ಪರೀಕ್ಷೆ ಮಾಡಿದ್ದರಂತೆ. ಅವರಲ್ಲಿ ಕೆಲವರು ಹಗಲು ರಾತ್ರಿ ಅಡುಗೆ ಪುಸ್ತಕ ಓದುತ್ತಾ ಕೂತರಂತೆ. ಹೊಟ್ಟೆ ಖಾಲಿಯಾದರೆ ತಲೆ ಹಾಗೇ ಆಡುತ್ತದೆ ಅವ್ವೀ. ಅದು ನಿನ್ನ ಹುಚ್ಚಲ್ಲ. ನಕ್ಕಿದ್ದು ನಮ್ಮ ತಪ್ಪು.

ನಿಮ್ಮ ಸೋದರತ್ತೆಯ ಮಾತಿಗೆ ಬರುತ್ತೇನೆ. "ದಪ್ಪ ಆಗ್ಯಾಳ, ನಾಳೆ ನೋಡಾಕ ಬಂದವ್ರು ಏನಂತಾರ?" ಅಂದ ಬಾಯಿಂದಲೇ "ಇನ್ನೊಂದು ಹೋಳಿಗಿ ಹಾಕ್ಕೋ, ತುಪ್ಪ ಹಾಕ್ಕೋ" ಅಂತಾಳೆ. ಹೋಳಿಗೆ ಬೇಡ ಅಂದರೆ ಮುನಿಸು ಬೇರೆ. ಅವಳಿಗೆ ಕೆಟ್ಟ ಮನಸ್ಸಿಲ್ಲ, ಆದರೆ ಮನಸ್ಸು ಒಳ್ಳೆಯದಿದ್ದರೆ ಸಾಕಾ? ನಮ್ಮ ಅವ್ವನ ಕಾಲದಲ್ಲಿ "ಮೈ ಕೈ ತುಂಬಿಕೊಂಡಾಳ" ಅನ್ನೋದು ಹೊಗಳಿಕೆಯಾಗಿತ್ತು. ಫಿಜಿ ದ್ವೀಪದಲ್ಲೂ ಹಾಗೇ ಇತ್ತಂತೆ. 1995ರಲ್ಲಿ ಅಲ್ಲಿನ ಒಂದು ಭಾಗಕ್ಕೆ ಟಿವಿ ಬಂತು. ಮೂರು ವರ್ಷ ಬಿಟ್ಟು ಕೇಳಿದರೆ ಶಾಲೆಯ ಹುಡುಗಿಯರಲ್ಲಿ ನೂರಕ್ಕೆ 11 ಜನ ಸಣ್ಣಗಾಗಲು ವಾಂತಿ ಮಾಡಿಕೊಳ್ಳುತ್ತಿದ್ದರು. ಟಿವಿ ಬಂದ ಹೊಸತರಲ್ಲಿ ಒಬ್ಬಳೂ ಹಾಗೆ ಹೇಳಿರಲಿಲ್ಲ. ನಮ್ಮ ಓಣಿಯಲ್ಲಿ ಈಗ ಟಿವಿಯನ್ನು ಯಾರು ನೋಡುತ್ತಾರೆ, ಎಲ್ಲ ಕೈಯಲ್ಲೇ ಇದೆ. ನಾನು ಸುಮ್ನೆ ಫೋನಿಗೆ ಬೈಯುತ್ತಿದ್ದೆ. ನಮ್ಮ ಮನೆಯ ನಡುಮನೆಯಲ್ಲಿ ಆಡುವ ಮಾತು ಅದಕ್ಕಿಂತ ಕಡಿಮೆ ಇರಲಿಲ್ಲ.

ಅಂಗಡಿಯಲ್ಲಿ ಒಂದು ಬದಲು ಮಾಡಿದ್ದೇನೆ. ಮೊದಲು ಟೇಪ್ ಹಿಡಿದು ಗಟ್ಟಿಯಾಗಿ ಕೂಗುತ್ತಿದ್ದೆ. "ಎದಿ ಮೂವತ್ತಾರು, ಸೊಂಟ ಮೂವತ್ನಾಕು!" ಕೆಲಸದ ಹುಡುಗಿ ಬರೆದುಕೊಳ್ಳುತ್ತಿದ್ದಳು, ಕೂತಿದ್ದ ಹತ್ತು ಜನ ಕೇಳುತ್ತಿದ್ದರು. ಎಂಟನೇ ಕ್ಲಾಸಿನ ಮಕ್ಕಳು ಅಳತೆ ಕೊಡುವಾಗ ಯಾಕೆ ಮುದುಡಿಕೊಳ್ಳುತ್ತಾರೆ ಅಂತ ಇಪ್ಪತ್ತು ವರ್ಷ ನನಗೆ ಹೊಳೆಯಲೇ ಇಲ್ಲ. ಈಗ ನಾನೇ ನೋಡಿ, ನಾನೇ ಬರೆದುಕೊಳ್ಳುತ್ತೇನೆ. ಬಾಯಿ ಬಿಡುವುದಿಲ್ಲ. ಮೊನ್ನೆ ಒಬ್ಬಳು "ಅಕ್ಕಾ, ದಪ್ಪ ಆಗೀನೇನು?" ಅಂದಳು. "ತೋಳು ಗಿಡ್ಡ ಬೇಕೋ ಉದ್ದ ಬೇಕೋ, ಅದನ್ನು ಹೇಳು" ಅಂದೆ.

ನಿನ್ನ ಊಟದ ಚೀಟಿ ಬದಲಾಗಿದೆ. ಮೊದಲಿನದರಲ್ಲಿ ಓಟ್ಸ್, ಬ್ರೆಡ್ಡು ಅಂತ ಇತ್ತಲ್ಲ, ಅದನ್ನು ನಮ್ಮ ಮನೆಯಲ್ಲಿ ಯಾರು ತಿನ್ನುತ್ತಾರೆ? ನೀನೊಬ್ಬಳೇ ಬೇರೆ ತಟ್ಟೆ ಹಿಡಿದು ಕೂರಬೇಕಾಗುತ್ತಿತ್ತು. ಈಗ ಜೋಳದ ರೊಟ್ಟಿ, ಮಡಕೆ ಕಾಳಿನ ಪಲ್ಯ, ಮೊಸರು, ನಡುವೆ ಒಂದು ಉಂಡಿ ಅಂತ ಬರೆಸಿಕೊಂಡು ಬಂದಿದ್ದೇನೆ. ರಾತ್ರಿ ತೀರಾ ಕಷ್ಟವಾದರೆ, ನನಗೆ ಹೇಳಲು ಆಗದಿದ್ದರೆ, 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ. ತೂಕ ನೋಡುವಾಗ ಅಂಕಿ ಕಡೆ ಬೆನ್ನು ಮಾಡಿ ನಿಂತರೆ ನಡೆಯುತ್ತದೆ ಅಂತ ಮೇಡಂ ಹೇಳಿದ್ದಾರೆ. ನಾನೂ ಎಷ್ಟಾಯಿತು ಅಂತ ಕೇಳುವುದಿಲ್ಲ, ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಬುತ್ತಿ ತರುತ್ತೇನೆ, ಇಬ್ಬರೂ ಉಣ್ಣೋಣ. ಕೆಂಪು ಚಟ್ನಿ ಬೇಕೋ ಶೇಂಗಾ ಹಿಂಡಿ ಬೇಕೋ, ಅಷ್ಟು ಮೆಸೇಜ್ ಮಾಡು.

ನಿನ್ನ ಅವ್ವ