ಕಾಕ್ಸ್ ಟೌನಿನ ಆ ಆಟೋ ತಮ್ಮನಿಗೆ

ಸೆಪ್ಟೆಂಬರ್ 8ರ ಮರಿಯಮ್ಮನವರ ಹಬ್ಬಕ್ಕೆ ಇನ್ನೂ ಮೂರು ದಿನವಿತ್ತು. ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ ಚರ್ಚಿನಲ್ಲಿ ನೊವೇನಾ, ಅಂದರೆ ಹಬ್ಬದ ಮುಂಚಿನ ಒಂಬತ್ತು ದಿನಗಳ ಪ್ರಾರ್ಥನೆ, ಆ ದಿನದ್ದು ಮುಗಿಸಿ ಕಾಕ್ಸ್ ಟೌನಿಗೆ ಬಂದಾಗ ರಾತ್ರಿ ಒಂಬತ್ತೂವರೆ. ಕರೆಂಟ್ ಹೋಗಿತ್ತು. ಬೈಕಿನಲ್ಲಿ ಇಬ್ಬರು ಹಿಂದೆ ಬಿದ್ದರು. ತಿರುವಿನಲ್ಲಿ ಅಡ್ಡ ಹಾಕಿ, "ಸರ ಬಿಚ್ಚು, ಕೂಗಿದ್ರೆ ನೋಡು" ಅಂದರು. ಕೊರಳಲ್ಲಿದ್ದದ್ದು ಅಮ್ಮನ ಶಿಲುಬೆ ಸರ. 112ಕ್ಕೆ ಫೋನ್ ಮಾಡೋಣ ಅಂದರೆ ಕೈ ನಡುಗುತ್ತಿತ್ತು. ಬೈಬಲಿನ ಕೀರ್ತನೆ 121ರಲ್ಲಿರುವುದು ಎಂಟೇ ವಚನ, ಚಿಕ್ಕಂದಿನಿಂದ ಬಾಯಿಪಾಠ. ಆಗ ಒಂದೂ ನೆನಪಾಗಲಿಲ್ಲ. "ಯೇಸಪ್ಪಾ" ಅಂದೆ, ಅಷ್ಟೇ.

ಆಗಲೇ ನಿಮ್ಮ ಆಟೋ ಬಂತು. ಅವರ ಮುಖಕ್ಕೇ ಹೆಡ್‌ಲೈಟ್ ಬಿಟ್ಟು ಹಾರನ್ ಒತ್ತಿ ಹಿಡಿದಿರಿ. ಇಳಿದು ಬಂದು ನನ್ನ ಪಕ್ಕ ನಿಂತು, "ಯಾಕಕ್ಕಾ ಇಷ್ಟು ಲೇಟು, ಮನೇಲಿ ಕಾಯ್ತಿದ್ದಾರೆ, ಹತ್ತು" ಅಂದಿರಿ, ಸ್ವಂತ ತಮ್ಮನ ಹಾಗೆ. ಅವರು ಬೈಕ್ ತಿರುಗಿಸಿಕೊಂಡು ಹೋದರು.

ಆಮೇಲೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ನೀವು. ನೀರಿನ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿಯೇ ಕೊಟ್ಟಿರಿ. ನನ್ನ ಕೈಲಿ ಅದು ಆಗೋದಿಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತೋ! ಮೀಟರ್ ಹಾಕಲಿಲ್ಲ. ಕನ್ನಡಿಯ ಹತ್ತಿರ ಪುಟ್ಟ ಗಣೇಶ, ಅದಕ್ಕೊಂದು ಬಾಡಿದ ಮಲ್ಲಿಗೆ. ನನ್ನ ದೇವರು ನನಗಾಗಿ ಕಳಿಸಿದ್ದು ನಿಮ್ಮನ್ನೇ, ಅದರಲ್ಲಿ ನನಗೆ ಅನುಮಾನವೇ ಇಲ್ಲ.

ನೂರು ರೂಪಾಯಿ ಕೊಡಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡಿರಿ. ನಾನು ಮಹಡಿ ಹತ್ತಿ, ಮೇಣದಬತ್ತಿ ಹಚ್ಚಿ ಕಿಟಕಿಯಲ್ಲಿ ಇಡುವ ತನಕ ನಿಮ್ಮ ಆಟೋ ಕೆಳಗೇ ನಿಂತಿತ್ತು. ಹೆಸರು ಕೇಳಲು ಮರೆತೆ. ಹಬ್ಬದ ದಿನ ಬೆಸಿಲಿಕಾದಲ್ಲಿ ನಿಮ್ಮ ಲೆಕ್ಕದಲ್ಲೂ ಒಂದು ಬತ್ತಿ ಹಚ್ಚಿದೆ, ತಮ್ಮಾ.